ಬೇಸಿಗೆಯ ಇಕಾಲಜಿಗೆ ಮಳೆಗಾಲದಲ್ಲೇ ತಯಾರಾಗಿ

ಏಪ್ರಿಲ್ ಬಂತೆಂದರೆ ನಾನು ಓದಿದ ಕಾಲೇಜಿನ ಹುಡುಗ ಹುಡುಗಿಯರಿಂದ ಮೆಸೇಜು ಶುರುವಾಗುತ್ತದೆ. ‘ಅಕ್ಕಾ, ಪರೀಕ್ಷೆ ಮುಗಿದ ಮೇಲೆ ಕಾಡು, ಪ್ರಾಣಿ, ಪಕ್ಷಿ ಅಂತ ಏನಾದರೂ ರಿಸರ್ಚ್ ಮಾಡಲಿಕ್ಕೆ ಎಲ್ಲಾದರೂ ಸೇರಬಹುದಾ?’ ಕೇಳುವವರು ಹೆಚ್ಚಾಗಿ ಬಿಎಸ್ಸಿ ಎರಡನೇ ವರ್ಷದವರು. ಸಾಗರ, ಹೊಸನಗರ, ಸೊರಬದ ಕಡೆಯವರು. ಮನೆಯ ಹಿಂದೆಯೇ ಬೆಟ್ಟ ಇರುವವರು, ಕಪ್ಪೆ ಕೂಗು ಕೇಳಿ ಇದು ಯಾವುದು ಅಂತ ಹೇಳಬಲ್ಲವರು. ಇವರಿಗೆ ಇಲ್ಲ ಅನ್ನುವುದು ನನಗೆ ತುಂಬಾ ಬೇಜಾರಿನ ಕೆಲಸ. ಆದರೆ ಏಪ್ರಿಲ್‌ನಲ್ಲಿ ಕೇಳಿದರೆ ಬೇರೆ ಉತ್ತರ ಇಲ್ಲ. ಇಕಾಲಜಿಯ, ಅಂದರೆ ಜೀವಿಗಳ ಮತ್ತು ಪರಿಸರದ ನಂಟಿನ ಅಧ್ಯಯನದ, ದೊಡ್ಡ ಅವಕಾಶಗಳ ಅರ್ಜಿ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಅದಕ್ಕೇ ಈ ಸಲ ಜುಲೈ ತಿಂಗಳಲ್ಲೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಅರ್ಜಿ ಹಾಕಲೇಬೇಕಾದದ್ದರ ವಿಷಯ. ನಮ್ಮ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಒಂದು ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತವೆ. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ (ಇಂಡಿಯನ್ ನ್ಯಾಷನಲ್ ಸೈನ್ಸ್ ಅಕಾಡೆಮಿ), ಪ್ರಯಾಗರಾಜದ ನಾಸಿ (ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್), ಈ ಮೂರು. ಆಯ್ಕೆಯಾದವರು ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಅವರ ಲ್ಯಾಬಿನಲ್ಲೋ ಫೀಲ್ಡಿನಲ್ಲೋ ಕೆಲಸ ಮಾಡುತ್ತಾರೆ. ಸ್ಟೈಫಂಡ್ ಇದೆ, ರೈಲಿನ ಖರ್ಚು ಕೊಡುತ್ತಾರೆ. ಅರ್ಜಿ ಆನ್‌ಲೈನ್. ಸಾಮಾನ್ಯವಾಗಿ ದಸರಾ, ದೀಪಾವಳಿಯ ಆಸುಪಾಸಿನಲ್ಲಿ ಕರೆಯುತ್ತಾರೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಇದು ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಕಾಲೇಜಿನ ಮೇಷ್ಟ್ರುಗಳಿಗೂ ಇದೆ. ನಿಮ್ಮ ಝುವಾಲಜಿ ಮೇಡಂಗೆ ಇದನ್ನು ಹೇಳಿ. ಅವರು ಒಂದು ಬೇಸಿಗೆ ಹೋಗಿ ಬಂದರೆ ಆಮೇಲೆ ಎಷ್ಟೋ ಬ್ಯಾಚಿನ ಮಕ್ಕಳಿಗೆ ಅದರ ಲಾಭ ಸಿಗುತ್ತದೆ.

ಅರ್ಜಿಯಲ್ಲಿ ಅಂಕಪಟ್ಟಿ, ಮೇಷ್ಟ್ರ ಶಿಫಾರಸು ಪತ್ರದ ಜೊತೆಗೆ ನಿಮಗೆ ಏನು ಮಾಡಬೇಕು ಅಂತ ಆಸೆ ಇದೆ ಅನ್ನುವುದನ್ನು ಚಿಕ್ಕದಾಗಿ ಬರೆಯಬೇಕು. ಎಲ್ಲರೂ ಎಡವುವುದು ಇಲ್ಲೇ. ನನಗೆ ಓದಿ ನೋಡಿ ಅಂತ ಕಳಿಸುವ ಬರಹಗಳಲ್ಲಿ ಹೆಚ್ಚಿನವು ‘ಪರಿಸರ ಉಳಿಸುವುದು ನಮ್ಮೆಲ್ಲರ ಕರ್ತವ್ಯ, ಜೀವವೈವಿಧ್ಯ ನಾಶವಾಗುತ್ತಿದೆ’ ಅಂತಲೇ ಶುರುವಾಗುತ್ತವೆ. ಮಾತು ಸುಳ್ಳಲ್ಲ. ಆದರೆ ಅದನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ನೀವು ಮಾತ್ರ ಬರೆಯಬಹುದಾದದ್ದು ನಿಮ್ಮ ಕಣ್ಣಿಗೆ ಬಿದ್ದದ್ದು.

ನಾನು ಈ ಫೆಲೋಶಿಪ್ಪಿಗೆ ಅರ್ಜಿ ಹಾಕಿದಾಗ ಬರೆದದ್ದು ಅತ್ತಿ ಮರದ ಬಗ್ಗೆ. ನಮ್ಮ ತೋಟದ ಅಂಚಿನಲ್ಲಿ ಒಂದು ಅತ್ತಿ ಮರ, ಹೊಳೆ ದಾಟಿದರೆ ಇನ್ನೊಂದು. ಒಂದರಲ್ಲಿ ಕಾಂಡದ ತುಂಬ ಹಣ್ಣು ಗೊಂಚಲಾಗಿ ಅಂಟಿಕೊಂಡಿದ್ದಾಗ ಇನ್ನೊಂದು ಬೋಳು. ಒಂದೇ ಮಣ್ಣು, ಒಂದೇ ಮಳೆ. ಮಾವು, ಹಲಸು ಎಲ್ಲ ಊರಿಗೆಲ್ಲ ಒಟ್ಟಿಗೇ ಬಿಡುವಾಗ ಅತ್ತಿ ಯಾಕೆ ಹೀಗೆ? ಚಿಕ್ಕಂದಿನಿಂದ ನನಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ಅಷ್ಟನ್ನೇ ಬರೆದೆ. ಜೊತೆಗೆ, ಚಗಳಿ ಇರುವೆಯ ಗೂಡು ಇರುವ ಕೊಂಬೆಯ ಅತ್ತಿಕಾಯಿ ಬೇರೆ ಕೊಂಬೆಯದಕ್ಕಿಂತ ಬೇರೆ ಥರ ಇರುತ್ತದಾ ಅಂತ ಒಂದು ಪ್ರಶ್ನೆ ಸೇರಿಸಿದೆ. ನನ್ನ ಇಂಗ್ಲಿಷ್ ಆಗ ಅಷ್ಟಕ್ಕಷ್ಟೇ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದೆ. ಆಮೇಲೆ ನನ್ನ ಗೈಡ್ ಹೇಳಿದರು: ಆ ಎರಡು ಮರಗಳ ವಿಷಯ ಓದಿಯೇ ನಿನ್ನನ್ನು ಆರಿಸಿಕೊಂಡದ್ದು ಅಂತ.

ಬೆಂಗಳೂರಿಗೆ ಹೊರಟಾಗ ಮನೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ. ಕಾಡಿನ ವಿಷಯ ಕಲಿಯಲಿಕ್ಕೆ ಮಲೆನಾಡು ಬಿಟ್ಟು ಬೆಂಗಳೂರಿಗೆ ಯಾಕೆ? ನನಗೆ ಸಿಕ್ಕಿದ್ದು ಒಂದು ಕ್ಯಾಂಪಸ್ಸಿನ ಒಳಗಿನ ಅತ್ತಿ ಮರ. ಪಕ್ಕದಲ್ಲೇ ಬಸ್ಸು ಓಡಾಡುವ ರಸ್ತೆ. ಆ ಮರದಲ್ಲಿ ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇಸಿಗೆ ಪ್ರಾಜೆಕ್ಟ್ ಅಂದರೆ ನಿಜಕ್ಕೂ ದಿನವಿಡೀ ಏನು ಮಾಡುತ್ತಾರೆ ಅಂತ ಯಾರೂ ಹೇಳುವುದೇ ಇಲ್ಲ.

ಅತ್ತಿಹಣ್ಣು ಬಿಚ್ಚಿದರೆ ಹುಳ ಅಂತ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಆ ಹುಳ ಕೊಳೆತದ್ದರಿಂದ ಬಂದದ್ದಲ್ಲ. ಅತ್ತಿಕಾಯಿ ಅನ್ನುವುದು ಒಳಮುಖವಾಗಿ ಅರಳುವ ಸಾವಿರಾರು ಪುಟ್ಟ ಹೂಗಳ ಗೊಂಚಲು. ತುದಿಯಲ್ಲಿ ಒಂದು ಕಿರಿದಾದ ಬಾಯಿ ಇರುತ್ತದೆ. ಎರಡು ಮಿಲಿಮೀಟರ್ ಆಸುಪಾಸಿನ ಒಂದು ಹೆಣ್ಣು ಕಣಜ ಅದರೊಳಗೆ ನುಗ್ಗುತ್ತದೆ. ನುಗ್ಗುವಾಗಲೇ ರೆಕ್ಕೆ ಕಿತ್ತು ಹೋಗುತ್ತದೆ. ತಾನು ಹೊತ್ತು ತಂದ ಪರಾಗವನ್ನು ಹೂಗಳಿಗೆ ಹಚ್ಚುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ವಾರಗಳ ನಂತರ ಒಳಗಿನ ಮರಿಗಳು ಬೆಳೆದಾಗ ಮೊದಲು ಹೊರಬರುವುದು ರೆಕ್ಕೆಯಿಲ್ಲದ ಗಂಡು. ಅವು ಹೆಣ್ಣುಗಳ ಜೊತೆ ಕೂಡಿ, ಕಾಯಿಯ ಗೋಡೆಗೆ ಕಿಂಡಿ ಕೊರೆಯುತ್ತವೆ. ಹೆಣ್ಣು ಕಣಜಗಳು ಪರಾಗ ತುಂಬಿಕೊಂಡು ಆ ಕಿಂಡಿಯಿಂದ ಹಾರಿ ಹೋಗುತ್ತವೆ. ಅವುಗಳ ಆಯಸ್ಸು ಬಹಳ ಕಡಿಮೆ. ಅಷ್ಟರೊಳಗೆ ಎಳೆಕಾಯಿ ಇರುವ ಇನ್ನೊಂದು ಅತ್ತಿ ಮರ ಸಿಗಲೇಬೇಕು. ಊರಿನ ಅತ್ತಿ ಮರಗಳೆಲ್ಲ ಒಟ್ಟಿಗೇ ಕಾಯಿ ಬಿಟ್ಟರೆ ಈ ಕಣಜಕ್ಕೆ ಹೋಗಲು ಜಾಗವೇ ಇರುವುದಿಲ್ಲ. ಒಂದು ಮರ ತುಂಬಿದ್ದಾಗ ಇನ್ನೊಂದು ಬೋಳಾಗಿರುವುದರಿಂದಲೇ ಈ ಸಂಸಾರ ನಡೆಯುತ್ತದೆ. ಹೊಳೆಯಾಚೆಯ ಮರದ ಪ್ರಶ್ನೆಗೆ ಉತ್ತರ ಗೊತ್ತಾದ ಆ ಸಂಜೆ ಅಪ್ಪನಿಗೆ ಫೋನ್ ಮಾಡಿ ಪೂರ್ತಿ ಕತೆ ಹೇಳಿದೆ. ಅವರಿಗೂ ಸಣ್ಣ ವಯಸ್ಸಿನಿಂದ ಅದೇ ಪ್ರಶ್ನೆ ಇತ್ತಂತೆ.

ನನ್ನ ಕೆಲಸ ಇರುವೆಯದು. ಈ ಒಳ್ಳೆಯ ಕಣಜದ ಜೊತೆಗೆ, ಕಾಯಿಯ ಒಳಗೆ ಹೋಗದೆ ಹೊರಗಿನಿಂದಲೇ ಉದ್ದದ ಸೂಜಿಯಂಥ ಅಂಗ ಚುಚ್ಚಿ ಮೊಟ್ಟೆ ಇಡುವ ಬೇರೆ ಕಣಜಗಳೂ ಇವೆ. ಅವು ಪರಾಗಸ್ಪರ್ಶ ಮಾಡುವುದಿಲ್ಲ, ಒಳಗಿನವರ ಪಾಲನ್ನು ತಿನ್ನುತ್ತವೆ. ಚಗಳಿ ಇರುವೆಗಳು ಕಾಯಿಯ ಮೇಲೆ ಓಡಾಡುತ್ತ ಇವುಗಳನ್ನು ಹಿಡಿಯುತ್ತವೆ. ನಾನು ಕೆಲವು ಕೊಂಬೆಗಳಿಗೆ ಅಂಟು ಸವರಿ ಇರುವೆ ಬಾರದಂತೆ ಮಾಡಿದೆ. ಕೆಲವನ್ನು ಹಾಗೇ ಬಿಟ್ಟೆ. ಗೊಂಚಲುಗಳಿಗೆ ಅಲ್ಯೂಮಿನಿಯಂ ಚೀಟಿ ಕಟ್ಟಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಡಿಯಾರ ಇಟ್ಟುಕೊಂಡು ಎಣಿಸಿದೆ. ಕಾಯಿ ಯಾವ ಹಂತದಲ್ಲಿದೆ, ಮೇಲೆ ಎಷ್ಟು ಕಣಜ, ಎಷ್ಟು ಇರುವೆ. ಇಷ್ಟೇ. ಇರುವೆ ಇದ್ದ ಕೊಂಬೆಗಳಲ್ಲಿ ಹೊರಗಿನಿಂದ ಚುಚ್ಚುವ ಕಣಜಗಳು ಕಡಿಮೆ ಕೂತವು. ಇದು ಹೊಸ ಶೋಧವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ಅತ್ತಿ, ಕಣಜ, ಇರುವೆಗಳ ನಂಟಿನ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದೆ. ಆದರೆ ನನ್ನ ಕೈಯಲ್ಲಿ, ನನ್ನ ನೋಟ್‌ಬುಕ್ಕಿನಲ್ಲಿ ಅದೇ ಉತ್ತರ ಮೂಡಿದ್ದು ನನಗೆ ಬಹಳ ದೊಡ್ಡ ವಿಷಯ. ಒಂದು ಅತ್ತಿಕಾಯಿ ಎಳೆಯದರಿಂದ ಹಣ್ಣಾಗುವ ತನಕದ ಕಾಲವೂ ಫೆಲೋಶಿಪ್ಪಿನ ಕಾಲವೂ ಹೆಚ್ಚುಕಡಿಮೆ ಸರಿಸಮ. ನನ್ನ ಗೈಡ್ ಅದನ್ನು ನೋಡಿಯೇ ಈ ಕೆಲಸ ಕೊಟ್ಟಿದ್ದರು. ಎರಡು ತಿಂಗಳಲ್ಲಿ ಮುಗಿಯುವ ಪ್ರಶ್ನೆ ಯಾವುದು, ಮುಗಿಯದ್ದು ಯಾವುದು ಅಂತ ತಿಳಿಯುವುದೂ ಕಲಿಯಬೇಕಾದ ವಿದ್ಯೆ. ಹುಲಿಯ ಸಂಖ್ಯೆ ಯಾಕೆ ಏರಿತು ಅನ್ನುವುದು ಎರಡು ತಿಂಗಳ ಪ್ರಶ್ನೆ ಅಲ್ಲ.

ಇಂಥ ಕೆಲಸಕ್ಕೆ ದುಡ್ಡು ಬೇಕಾಗುವುದೂ ಕಡಿಮೆ. ವಿಜ್ಞಾನಿ ರಾಘವೇಂದ್ರ ಗದಗಕರ್ ಅವರ ಉದಾಹರಣೆ ನೋಡಿ. ಅವರ ಪಿಎಚ್‌ಡಿ ಮಾಲಿಕ್ಯುಲರ್ ಬಯಾಲಜಿಯಲ್ಲಿ. ಆದರೆ ಕಟ್ಟಡದ ಕಿಟಕಿ ಸೂರುಗಳಲ್ಲಿ ಗೂಡು ಕಟ್ಟುವ ರೋಪಾಲಿಡಿಯಾ ಕಣಜಗಳನ್ನು ನೋಡುತ್ತ ನೋಡುತ್ತ ಅದರಲ್ಲೇ ಜೀವನ ಕಳೆದರು. ಪ್ರತಿ ಕಣಜಕ್ಕೂ ಬಣ್ಣದ ಚುಕ್ಕಿ ಇಟ್ಟು ಗುರುತಿಸಿ, ಯಾರು ಏನು ಮಾಡುತ್ತಾರೆ ಅಂತ ಬರೆಯುವುದು. ರಾಣಿಯನ್ನು ಗೂಡಿನಿಂದ ತೆಗೆದರೆ ಕೆಲಸಗಾರರಲ್ಲಿ ಒಂದು ಕೂಡಲೇ ವಿಪರೀತ ಜಗಳಗಂಟಿ ಆಗುತ್ತದೆ, ಮುಂದೆ ಅದೇ ರಾಣಿ ಆಗುತ್ತದೆ. ಇದನ್ನು ಕಂಡುಹಿಡಿಯಲು ಬೇಕಾದದ್ದು ಬಣ್ಣ, ಪುಸ್ತಕ, ಪೆನ್ನು ಮತ್ತು ಬಹಳ ತಾಳ್ಮೆ. ನಿಮ್ಮ ಕಾಲೇಜಿನ ಸೂರಿನಲ್ಲೂ ಈ ಗೂಡು ಇರಬಹುದು. ಹೋಗಿ ನೋಡಿ.

ಇನ್ನು ಎಲ್ಲೆಲ್ಲಿ ಕೇಳಬಹುದು? ಗದಗಕರ್, ಬೋರ್ಜಸ್ ಅವರಂಥವರು ಕೆಲಸ ಮಾಡಿದ, ಮಾಧವ ಗಾಡ್ಗೀಳ್ 1983ರಲ್ಲಿ ಕಟ್ಟಿದ, ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ಮೊದಲನೆಯದು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರಕ್ಕೆ ತನ್ನದೇ ಬೇಸಿಗೆ ಫೆಲೋಶಿಪ್ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್, ಬೆಂಗಳೂರಿನದೇ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇವೆ. ಏಟ್ರೀಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಫೀಲ್ಡ್ ಸ್ಟೇಷನ್ ಇದೆ. ಅಲ್ಲಿ ಸೋಲಿಗರ ಜೊತೆ ನಡೆದಾಡಿ ಕಲಿಯುವುದು ಯಾವ ತರಗತಿಯಲ್ಲೂ ಸಿಗುವುದಿಲ್ಲ. ಆಗುಂಬೆಯಲ್ಲಿ ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರ ಇದೆ. ಕಾಳಿಂಗ ಸರ್ಪಕ್ಕೆ ರೇಡಿಯೋ ಅಳವಡಿಸಿ ಹಿಂಬಾಲಿಸಿದ್ದು ಅಲ್ಲೇ. ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ 2024ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರು ತೋರಿಸಿ ಅದಕ್ಕೆ ‘ಕಾಳಿಂಗ’ ಅಂತಲೇ ಹೆಸರಿಟ್ಟರು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳನ್ನು ಮರೆಯಬೇಡಿ. ದೊಡ್ಡ ಹೆಸರಿನ ಹಿಂದೆ ಎಲ್ಲರೂ ಓಡುತ್ತಾರೆ. ಹತ್ತಿರದ ವಿಭಾಗಕ್ಕೆ ಬಸ್ಸಿನಲ್ಲಿ ಹೋಗಿ ಮುಖತಃ ಮಾತಾಡಿ ಬರಬಹುದು.

ಕಪ್ಪೆ ಇಷ್ಟಪಡುವವರಿಗೆ ಒಂದು ಮಾತು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಕಡೆ ಕುಂಬಾರ ಕಪ್ಪೆ ಇದೆ. ಗಂಡು ತನ್ನ ಕೈಯಿಂದ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಇದನ್ನು ಹೊಸ ಪ್ರಭೇದ ಅಂತ ವಿವರಿಸಿದರು. ಇಂಥದ್ದನ್ನು ನೋಡಬೇಕಾದರೆ ಮಳೆ ಬಿದ್ದ ಮೇಲೆ ಹೋಗಬೇಕು. ಬೇಸಿಗೆ ಫೆಲೋಶಿಪ್ ಅಂದರೆ ಏಪ್ರಿಲ್, ಮೇ ಅಂತಲೇ ಅಂದುಕೊಳ್ಳಬೇಡಿ. ಮಂಗಟ್ಟೆ (ಹಾರ್ನ್‌ಬಿಲ್) ಗೂಡು ನೋಡುವವರಿಗೆ ಮೇ ತಿಂಗಳ ಒಳಗೆ ಕೆಲಸ, ಕಪ್ಪೆಯವರಿಗೆ ಜೂನ್ ನಂತರ. ಯಾವ ಜೀವಿ, ಅದಕ್ಕೆ ಯಾವ ಕಾಲ ಅಂತ ನೋಡಿ ತಾರೀಖು ಕೇಳಿ.

ತಾರೀಖಿನ ತಾಪತ್ರಯ ಇನ್ನೊಂದು ಕಡೆಯಿಂದಲೂ ಬರುತ್ತದೆ. ನನ್ನ ಸೆಮಿಸ್ಟರ್ ಪರೀಕ್ಷೆ ಎರಡು ಸಲ ಮುಂದಕ್ಕೆ ಹೋಯಿತು, ವೇಳಾಪಟ್ಟಿ ಕೊನೆ ಗಳಿಗೆಯಲ್ಲಿ ಬಂತು. ವಿದ್ಯಾರ್ಥಿಗಳ ಎರಡು ತಿಂಗಳು ಹೀಗೆ ಹಾಳಾಗುವುದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಗೈಡ್‌ಗೆ ಕೂಡಲೇ ಪತ್ರ ಬರೆದೆ, ಅವರು ತಾರೀಖು ಬದಲಿಸಿದರು. ಬಹಳ ಜನ ಹೆದರಿ ಕೇಳುವುದೇ ಇಲ್ಲ, ಸಿಕ್ಕಿದ ಅವಕಾಶವನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಕೇಳಿ.

ನಿಮ್ಮದೇ ಪ್ರಾಜೆಕ್ಟ್ ಅಂತ ಅಭಯಾರಣ್ಯದ ಒಳಗೆ ಮಾಡುವ ಯೋಚನೆ ಇದ್ದರೆ ಇದು ತಿಳಿದಿರಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿ ಅಧ್ಯಯನಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಆದ್ದರಿಂದ ಆಗಲೇ ಅನುಮತಿ ಪಡೆದು ನಡೆಯುತ್ತಿರುವ ಕೆಲಸಕ್ಕೆ ಸೇರಿಕೊಳ್ಳುವುದು ಒಳ್ಳೆಯದು. ತಮಿಳುನಾಡಿನ ಮುದುಮಲೈಯಲ್ಲಿ 1988ರಿಂದ 50 ಹೆಕ್ಟೇರ್ ಕಾಡಿನ ಮರಗಳಿಗೆ ಗುರುತು ಹಾಕಿ ಅಳೆಯುತ್ತಿದ್ದಾರೆ. ಅಂಥ ಕಡೆ ಟೇಪ್ ಹಿಡಿದು ಮರ ಅಳೆಯುವುದೂ ದೊಡ್ಡ ಕಲಿಕೆ. ಇಲ್ಲವಾದರೆ ಕೆರೆ, ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಊರಿನ ದೇವರಕಾಡು ಇವೆ. ಊರವರನ್ನು ಕೇಳಿಕೊಂಡು ನೋಡಿ, ಎಣಿಸಿ, ಬರೆಯಿರಿ. ಹಿಡಿಯುವ, ಕೊಲ್ಲುವ ಕೆಲಸ ಮಾತ್ರ ನೀವಾಗಿ ಮಾಡಬೇಡಿ.

ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ ನಾನು ಗದರಿಸಿಯೇ ಹೇಳುವ ಮಾತು ಮಂಗನ ಕಾಯಿಲೆಯದು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಾಣಿಸಿಕೊಂಡ ರೋಗ ಇದು. ಉಣುಗಿನಿಂದ ಬರುತ್ತದೆ. ಅದರ ಕಾಲವೇ ಚಳಿಗಾಲದಿಂದ ಮೇ ತನಕ. ಅಂದರೆ ನೀವು ರಜೆ ಅಂತ ಕಾಡಿಗೆ ಹೋಗುವ ಹೊತ್ತೇ. ತರಗೆಲೆಯ ಮೇಲೆ ಕೂರಬೇಡಿ. ಮೈ ತುಂಬ ಬಟ್ಟೆ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ ಇಡುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ದುಡ್ಡಿನ ವಿಷಯ ಈಗ. ಇತ್ತೀಚೆಗೆ ‘ವೈಲ್ಡ್‌ಲೈಫ್ ಇಂಟರ್ನ್‌ಶಿಪ್’ ಅಂತ ಜಾಹೀರಾತು ಹಾಕಿ ವಿದ್ಯಾರ್ಥಿಗಳಿಂದಲೇ ಸಾವಿರಗಟ್ಟಲೆ ಕೀಳುವವರು ಜಾಸ್ತಿ ಆಗಿದ್ದಾರೆ. ನಾಲ್ಕು ದಿನ ಸಫಾರಿ, ಕೊನೆಗೆ ಒಂದು ಸರ್ಟಿಫಿಕೇಟ್. ಅದಕ್ಕೆ ಹೋಗಬೇಡಿ. ಊಟ, ವಸತಿಯ ಖರ್ಚು ಕೇಳುವ ಒಳ್ಳೆಯ ತರಬೇತಿ ಶಿಬಿರಗಳೂ ಇವೆ, ಅದು ಬೇರೆ ಮಾತು. ಆದರೆ ನೀವು ಎರಡು ತಿಂಗಳು ದುಡಿದು ಇನ್ನೊಬ್ಬರ ಸಂಶೋಧನೆಗೆ ಅಂಕಿ ಅಂಶ ಕೂಡಿಸಿಕೊಡುವಾಗ ನಿಮಗೆ ಕನಿಷ್ಠ ಊಟ, ಜಾಗ, ಓಡಾಟದ ಖರ್ಚು ಸಿಗಬೇಕು. ಕೂಲಿಯಿಲ್ಲದ ಬೇಸಿಗೆ ಕೆಲಸಕ್ಕೆ ಮನೆಯಲ್ಲಿ ಅನುಕೂಲ ಇರುವವರು ಮಾತ್ರ ಬರಬಲ್ಲರು. ರಜೆಯಲ್ಲಿ ಅಡಿಕೆ ಸುಲಿಯಲು ಹೋಗಿ ಮುಂದಿನ ವರ್ಷದ ಫೀಸು ಕೂಡಿಸುವ ಹುಡುಗಿ ಬರಲಾರಳು. ಕಾಡಿನ ಬಗ್ಗೆ ಹೆಚ್ಚು ಗೊತ್ತಿರುವುದು ಅವಳಿಗೇ. ಅಮೆರಿಕದಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ದುಡ್ಡು ಕೊಟ್ಟು ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆ ಸಂಶೋಧನೆ ನಡೆಸುತ್ತದೆ. ಹಾರ್ವರ್ಡ್ ಫಾರೆಸ್ಟ್‌ನಂಥ ಕಡೆ ಇದು ದಶಕಗಳ ಕಾಲ ನಡೆದಿದೆ. ಅದು ಅಲ್ಲಿನ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಅಲ್ಲಿರುವ ಕನ್ನಡದ ಮಕ್ಕಳು ಅರ್ಹರಿದ್ದರೆ ಖಂಡಿತ ಹಾಕಿ. ಇಲ್ಲೂ ಅಷ್ಟು ದೊಡ್ಡ ಮಟ್ಟದಲ್ಲಿ ಬೇಕು. ನಮ್ಮ ರಾಜ್ಯದ ಸರ್ಕಾರಿ ಕಾಲೇಜಿನ ಮಕ್ಕಳಿಗಾಗಿಯೇ ಒಂದು ಬೇಸಿಗೆ ಫೆಲೋಶಿಪ್ ಆಗಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಹುಡುಗಿಯರ ಮನೆಯವರಿಗೆ ಭಯ ಇರುತ್ತದೆ. ಅದು ಸಹಜ. ಎಲ್ಲಿ ಉಳಿಯುವುದು, ಜೊತೆಗೆ ಇನ್ನೊಬ್ಬ ಹೆಣ್ಣುಮಗಳು ಇರುತ್ತಾಳಾ, ಫೋನ್ ಸಿಗುತ್ತದಾ, ದೂರು ಇದ್ದರೆ ಯಾರಿಗೆ ಹೇಳುವುದು, ಇದನ್ನೆಲ್ಲ ಹೋಗುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಸಂಕೋಚ ಬೇಡ. ಇದಕ್ಕೆ ಸರಿಯಾಗಿ ಉತ್ತರ ಕೊಡದ ಕಡೆ ಹೋಗುವುದೇ ಬೇಡ. ನನ್ನ ಅಮ್ಮ ಗೈಡ್ ಜೊತೆ ಫೋನಿನಲ್ಲಿ ಮಾತಾಡಿದ ಮೇಲೆಯೇ ಒಪ್ಪಿದ್ದು.

ಈಗ ಮಳೆಗಾಲ. ಅರ್ಜಿ ಕರೆಯಲು ಇನ್ನೂ ಸಮಯ ಇದೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ಓಡಾಡುವ ದಾರಿಯ ಒಂದು ಮರ, ಒಂದು ಕೆರೆ, ಒಂದು ಗೂಡು ಆರಿಸಿಕೊಳ್ಳಿ. ತಾರೀಖು, ಹೊತ್ತು, ಮಳೆಯೋ ಬಿಸಿಲೋ, ಏನು ಕಂಡಿತು ಅಂತ ಬರೆಯುತ್ತ ಹೋಗಿ. ಮರಗಳ ಎಲೆ, ಹೂ, ಹಣ್ಣಿನ ಕಾಲವನ್ನು ಜನರೇ ದಾಖಲಿಸುವ ಸೀಸನ್‌ವಾಚ್‌ನಲ್ಲಿ ನಿಮ್ಮ ಮರವನ್ನು ಸೇರಿಸಬಹುದು, ಹಕ್ಕಿ ನೋಡುವವರು ಕಂಡದ್ದನ್ನು ಇಬರ್ಡ್ ಜಾಲತಾಣಕ್ಕೆ ಹಾಕಬಹುದು. ರೆಸೊನೆನ್ಸ್ ಪತ್ರಿಕೆ ಆನ್‌ಲೈನಿನಲ್ಲಿ ಉಚಿತ, ಪದವಿ ವಿದ್ಯಾರ್ಥಿಗಳಿಗೆಂದೇ ಬರೆದದ್ದು. ಅಲ್ಲಿ ಇಕಾಲಜಿ ಲೇಖನ ಹುಡುಕಿ ಓದಿ. ವಿಜ್ಞಾನಿಗಳಿಗೆ ನೇರ ಪತ್ರ ಬರೆಯುವುದಾದರೆ ಐವತ್ತು ಜನಕ್ಕೆ ಒಂದೇ ಪತ್ರ ಕಳಿಸಬೇಡಿ. ಮೂರೋ ನಾಲ್ಕೋ ಜನರ ಕೆಲಸ ಓದಿ, ಅವರಿಗೆ ಮಾತ್ರ ಬರೆಯಿರಿ. ಅವರ ಪಿಎಚ್‌ಡಿ ವಿದ್ಯಾರ್ಥಿಗಳಿಗೂ ಬರೆಯಿರಿ. ಫೀಲ್ಡಿನಲ್ಲಿ ಕೈ ಜೋಡಿಸುವವರು ನಿಜಕ್ಕೂ ಬೇಕಾಗಿರುವುದು ಅವರಿಗೆ.

ಬರೆದದ್ದನ್ನು ನನಗೆ ಕಳಿಸಿದರೆ ಖಂಡಿತ ಓದುತ್ತೇನೆ. ಮೊದಲು ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷಿಗೆ ತರುವುದನ್ನು ಆಮೇಲೆ ಒಟ್ಟಿಗೆ ಕೂತು ಮಾಡೋಣ. ಸೆಪ್ಟೆಂಬರ್ ಒಳಗೆ ಕಳಿಸಿ. ಮೇಷ್ಟ್ರ ಶಿಫಾರಸು ಪತ್ರಕ್ಕೂ ಈಗಲೇ ಕೇಳಿಡಿ, ಅವರಿಗೂ ಬರೆಯಲು ಸಮಯ ಬೇಕು.